ಸಾವಿನ ಮನೆಯ ನೀರು

ಬಳೆ ಬೆರಳ ಗೆಣ್ಣಿನ ಮೇಲೆಯೇ ನಿಂತುಬಿಟ್ಟಿತು.

"ಇನ್ನಷ್ಟು ಸಾಬೂನು ಹಚ್ಚು," ಎಂದಳು ಸಾಬವ್ವ. "ಜೋರು ಮಾಡಬ್ಯಾಡ. ಮುತ್ತೈದಿ ಬಳಿ ಒಡೀಬಾರದು."

ಆರತಿ ಅತ್ತೆಯ ಬೆರಳುಗಳನ್ನು ಒಟ್ಟುಗೂಡಿಸಿ, ನೊರೆ ಸವರಿ, ಮತ್ತೆ ಒತ್ತಿದಳು. ಶರಣಮ್ಮನ ಕೈ ಸಣ್ಣ ಕೈಯಲ್ಲ. ಕಟ್ಟುವ ಮನೆಗಳಿಗೆ ಗಾರೆಯ ಬುಟ್ಟಿ ಎತ್ತಿ ಎತ್ತಿ ಅಗಲವಾದ ಕೈ. ಬದುಕಿದ್ದಾಗಲೂ ಬಳೆಗಾರ ಅವಳನ್ನು ಕಂಡರೆ ಗಂಟಿನ ತಳದಿಂದ ದೊಡ್ಡ ಅಳತೆಯವನ್ನು ಹುಡುಕಿ ತೆಗೆಯುತ್ತಿದ್ದ. ಈಗ ಆ ಕೈ ತಣ್ಣಗಿತ್ತು, ಬಗ್ಗುತ್ತಿರಲಿಲ್ಲ. ಕೊನೆಗೊಮ್ಮೆ ಹಸಿರು ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಜಾರಿತು.

"ಪುಣ್ಯವಂತಿ. ಕುಂಕುಮ ಇಟಗೊಂಡು ಹೊಂಟಳು," ಎಂದಳು ಬಾಗಿಲ ಬಳಿ ಕೂತಿದ್ದ ಒಬ್ಬಾಕೆ.

ಸಾಬವ್ವ ಎರಡನೆಯ ಬಳೆ ಎತ್ತಿ ಆರತಿಯ ಕೈಗಿಟ್ಟಳು. ಅವಳು ಶರಣಮ್ಮನ ಗಂಡ ಅವ್ವಣ್ಣನ ಅಕ್ಕ. ನಾದಿನಿ ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ತಿಳಿದು, ಶಹಾಪುರದ ಕಡೆಯಿಂದ ಬಸ್ಸು ಹಿಡಿದು, ಬೆಳಗಾಗುವಷ್ಟರಲ್ಲಿ ಪುಣೆಯ ಯೆರವಡಾಕ್ಕೆ ಬಂದು ಇಳಿದಿದ್ದಳು. ಬಂದವಳು ಮೊದಲು ಅತ್ತಳು, ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಮನೆಯಲ್ಲಿ ಹಿರಿಯ ಹೆಂಗಸು ಎಂದರೆ ಇನ್ನು ಅವಳೇ.

"ಆರತೀ, ಕೇಳಿಲ್ಲಿ. ಎತ್ತಿದ ಕೂಡ್ಲೆ ಮನ್ಯಾಗಿನ ನೀರೆಲ್ಲ ಚೆಲ್ಲಬೇಕು. ಕೊಡ, ಬಿಂದಿಗಿ, ಬ್ಯಾರಲ್ಲು. ಒಂದ ಚರಗಿ ಸುದ್ದಾ ಉಳೀಬಾರದು. ಸಂಜಿಗೆ ನಳ ಬಂದ ಮ್ಯಾಲ ಹೊಸ ನೀರು."

"ಆಗ್ಲಿ ದೊಡ್ಡತ್ತಿ."

"ಹೊರಗ ಕಟ್ಟಿ ಮ್ಯಾಲ ಡಬ್ಬಿ ಇಟ್ಟಾಳಲ್ಲ, ಅವೂ."

ಎರಡನೆಯ ಬಳೆ ಹಿಡಿದಿದ್ದ ಆರತಿಯ ಕೈ ಅಲ್ಲೇ ನಿಂತಿತು. "ಅವು ಗಿಡದ್ವು."

"ಗಿಡ ಇರ್ಲಿ. ಒಳಗಿರೋದು ನೀರಲ್ಲೇನು?"

ನೀರೇ. ಅದರಲ್ಲಿ ಎರಡು ಮಾತಿಲ್ಲ. ಬಾಗಿಲ ಹೊರಗಿನ ಸಿಮೆಂಟು ಕಟ್ಟೆಯ ಮೇಲೆ, ಕಬ್ಬಿಣದ ಏಣಿಯ ಮೆಟ್ಟಿಲುಗಳ ಮೇಲೆ, ಎಣ್ಣೆಯ ಡಬ್ಬಿ, ಮೊಸರಿನ ಬಕೆಟ್ಟು, ಮಾವಿನ ರಸದ ಡಬ್ಬಿಗಳು ಸಾಲಾಗಿ ಕೂತಿದ್ದವು. ಮೆಂತ್ಯ, ಕೊತ್ತಂಬರಿ, ಪಾಲಕ. ಯಾವುದರಲ್ಲೂ ಒಂದು ಹಿಡಿ ಮಣ್ಣಿರಲಿಲ್ಲ. ಮುಚ್ಚಳಕ್ಕೆ ತೂತು ಕೊರೆದು, ತೂತಿನಲ್ಲಿ ಪ್ಲಾಸ್ಟಿಕ್ಕಿನ ಚಹಾ ಗ್ಲಾಸು ಇಳಿಬಿಟ್ಟು, ಗ್ಲಾಸಿನಲ್ಲಿ ತೆಂಗಿನ ನಾರು ತುಂಬಿ, ನಾರಿನಲ್ಲಿ ಬೀಜ. ಬೇರು ಕೆಳಗಿನ ನೀರನ್ನು ಹುಡುಕಿಕೊಂಡು ಇಳಿಯುತ್ತಿತ್ತು. ಎಲ್ಲಕ್ಕಿಂತ ಕೊನೆಗೆ, ಗೋಡೆಗೆ ಆನಿಸಿ ಇಟ್ಟ ಬೂದು ಬಣ್ಣದ ಆಳವಾದ ಬಕೆಟ್ಟಿನಲ್ಲಿ, ಒಂದು ಬದನೆ. ಊರಿನ ಮುಳಗಾಯಿಯ ಬೀಜ. ಹಲವು ಸಲ ಹಾಕಿ, ಹಲವು ಸಲ ಸತ್ತು, ಈ ಸಲ ಹೂ ಬಿಟ್ಟಿತ್ತು.

ಅದು ಹೂ ಬಿಟ್ಟ ಸುದ್ದಿಯನ್ನು ಆರತಿ ಆಸ್ಪತ್ರೆಗೆ ಒಯ್ದು ಹೇಳಿದಾಗ ಶರಣಮ್ಮ ಹಾಸಿಗೆಯಲ್ಲೇ ಎದ್ದು ಕೂರಲು ನೋಡಿದ್ದಳು.

"ನಿಮ್ಮ ಮಾವಗ ಹೇಳಬ್ಯಾಡ ಯವ್ವಾ. ಕಾಯಿ ಬಿಡ್ಲಿ. ಎಣ್ಣಿಗಾಯಿ ಮಾಡಿ ರೊಟ್ಟಿ ಕೂಡ ಇಡು. ಉಂಡು ಬೆರಳ ನೆಕ್ಕತಾನಲ್ಲ, ಆವಾಗ ಹೇಳು, ಇದು ನೀರಿನ ಬದನೀಕಾಯಿ ಅಂತ. ಮಾರಿ ಹ್ಯಾಂಗ ಮಾಡ್ತಾನ ನೋಡಿ ಬಂದು ನನಗ ಹೇಳು."

ಹೇಳುತ್ತ ಹೇಳುತ್ತ ಅವಳು ನಕ್ಕಿದ್ದಳು. ನಗು ಕೆಮ್ಮಾಗಿ, ನರ್ಸು ಬಂದು ಇಬ್ಬರನ್ನೂ ಗದರಿದ್ದಳು. ಅತ್ತೆ ಸೊಸೆಗೆ ಒಪ್ಪಿಸಿ ಹೋದದ್ದು ಅದೊಂದೇ ಕೆಲಸ. ಈಗ ಆ ಗಿಡದ ನೀರು ಚೆಲ್ಲಬೇಕಂತೆ. ಬೇಸಿಗೆಯ ಈ ಬಿಸಿಲಿಗೆ, ಸಂಜೆ ನಳ ಬರುವ ತನಕ ಬರಿಬೇರಿನಲ್ಲಿ ಬದನೆ ಉಳಿಯುವುದಿಲ್ಲ ಎಂದು ಆರತಿಗೆ ಗೊತ್ತಿತ್ತು.

*

ಶರಣಮ್ಮ ಮದುವೆಯಾಗಿ ಪುಣೆಗೆ ಬಂದಾಗ ಕೋಥರೂಡಿನಲ್ಲಿ ಎಲ್ಲಿ ನೋಡಿದರೂ ಬಿದಿರು ಕಟ್ಟಿದ ಕಟ್ಟಡಗಳು. ಅವ್ವಣ್ಣ ಗೌಂಡಿ; ಇಟ್ಟಿಗೆ ಇಡುವವನು. ಅವನ ಕೈಗೆ ಗಾರೆ ಒದಗಿಸುವವಳು ಅವಳು. ಕಟ್ಟಡದ ಮಗ್ಗುಲಲ್ಲೇ ತಗಡಿನ ಶೆಡ್ಡು, ಅದೇ ಸಂಸಾರ.

ಯಾವ ಶೆಡ್ಡಿಗೆ ಹೋದರೂ ಅವಳು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಒಲೆಗೆ ಮೂರು ಇಟ್ಟಿಗೆ ಇಟ್ಟ ಮೇಲೆ ಶೆಡ್ಡಿನ ಮೂಲೆಯಲ್ಲಿ ಬೆರಳಿನಿಂದ ಕುಳಿ ತೋಡಿ ಬೀಜ ಒತ್ತುವುದು. ಕುಂಬಳವೋ ಹೀರೆಯೋ ತಗಡಿಗೆ ಹಬ್ಬುತ್ತಿತ್ತು. ಅತ್ತ ಕಟ್ಟಡವೂ ಮಾಳಿಗೆ ಮಾಳಿಗೆ ಏರುತ್ತಿತ್ತು. ಕಟ್ಟಡಕ್ಕೆ ಬಣ್ಣ ಬಳಿಯುವ ಹೊತ್ತಿಗೆ ಬಳ್ಳಿ ಹೂ ಬಿಡುವುದು. ಬಣ್ಣ ಒಣಗುವ ಹೊತ್ತಿಗೆ ಶೆಡ್ಡು ಕೀಳುವುದು. ತಾನು ಹಾಕಿದ ಬಳ್ಳಿಯ ಕಾಯನ್ನು ಅವಳು ಒಮ್ಮೆಯೂ ಹೆಚ್ಚಿದವಳಲ್ಲ.

ಒಂದು ಸಲ ಅವರೆ ಹಾಕಿದ್ದಳು. ಬಳ್ಳಿ ತುಂಬ ಹೂ, ಅಲ್ಲಲ್ಲಿ ಎಳೆಯ ಕಾಯಿ. ಗುತ್ತಿಗೆದಾರನ ಆಳು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡಿರಿ ಎಂದ. ಟೆಂಪೋದಲ್ಲಿ ಪಾತ್ರೆ, ಹಾಸಿಗೆ, ತೊಟ್ಟಿಲ ಕೂಸು ಮಹೇಶ ಎಲ್ಲ ಏರಿದ ಮೇಲೂ ಅವಳು ಬಳ್ಳಿಯ ಹತ್ತಿರ ನಿಂತೇ ಇದ್ದಳು.

"ಇನ್ನೊಂದ ವಾರ ಬಿಟ್ರ ಕಾಯಿ ಬಲೀತಾವ," ಎಂದಳು.

"ಬಳ್ಳಿಗೆ ಕಾಲಿಲ್ಲ, ನಮಗದಾವ. ಹತ್ತು," ಎಂದ ಅವ್ವಣ್ಣ.

ಅವಳು ಕದಲಲಿಲ್ಲ. ಡ್ರೈವರು ಹಾರನ್ನು ಒತ್ತಿದ. ಅವ್ವಣ್ಣ ಬಂದವನೇ ಎರಡೂ ಕೈಯಿಂದ ಬಳ್ಳಿಯನ್ನು ತಗಡಿನಿಂದ ಸೆಳೆದು, ಬುಡಸಮೇತ ಕಿತ್ತು, ಜಲ್ಲಿಯ ಗುಡ್ಡೆಯ ಮೇಲೆ ಎಸೆದ.

"ಈಗ ಹತ್ತು."

ಅವಳು ಹತ್ತಿದಳು. ಹೊಸ ಜಾಗದಲ್ಲಿ ಆ ರಾತ್ರಿ ರೊಟ್ಟಿ ಮುರಿಯುವಾಗ ಅವನ ಕೈಯಿಂದ ಅವರೆಯ ಸೊಗಡು ಬರುತ್ತಿತ್ತು. ಆಮೇಲೆ ಶರಣಮ್ಮ ಯಾವ ಶೆಡ್ಡಿನಲ್ಲೂ ಬೀಜ ಹಾಕಲಿಲ್ಲ.

*

ಬಿಸಿಲು ಏರುವಷ್ಟರಲ್ಲಿ ಓಣಿಯಲ್ಲಿ ಮಂದಿ ಕೂಡಿದರು. ಅವ್ವಣ್ಣ ಬಾಗಿಲ ಎದುರು ಹಾಕಿದ ಕುರ್ಚಿಯಲ್ಲಿ ಕೂತಿದ್ದ, ಯಾರ ಕಡೆಗೂ ನೋಡದೆ. ಹಿಂಜವಾಡಿಯ ಕಂಪನಿಗೆ ಕಾರು ಓಡಿಸುವ ಮಗ ಮಹೇಶಕುಮಾರ ಹೂವಿಗೆ, ಗಾಡಿಗೆ ಎಂದು ಫೋನು ಹಿಡಿದು ಓಡಾಡುತ್ತಿದ್ದ. ಅವ್ವಣ್ಣನ ಜೊತೆ ಒಂದೇ ಕಟ್ಟಡಗಳಲ್ಲಿ ಕೆಲಸ ಮಾಡಿದ ಮುದಿ ಗೌಂಡಿ ಧರ್ಮರಾಜ ಡಬ್ಬಿಗಳ ಸಾಲನ್ನು ನೋಡಿ ತಲೆ ಆಡಿಸಿದ.

"ಮಣ್ಣಿನ ಹಂಗಿಲ್ಲದ ಬೆಳೀತೀನಿ ಅಂತಿದ್ದಳು ಶರಣಮ್ಮ ವೈನಿ. ಕಡೀಕ ಆಕಿನ್ನ ನಾವು ಮಣ್ಣಿಗೇ ಒಯ್ಯಬೇಕಾತು."

ಕೆಲವರು ನಗಬೇಕೋ ಬೇಡವೋ ತಿಳಿಯದೆ ಅವ್ವಣ್ಣನ ಮುಖ ನೋಡಿದರು. ಆಗಲೇ ದೊಡ್ಡ ರಸ್ತೆಯಲ್ಲಿ ಹೋಟೆಲು ಇಟ್ಟಿರುವ ಮೋಹನದಾಸ್ ಮಾಲೆ ಹಿಡಿದು ಬಂದರು. ಮಂಗಳೂರು ಕಡೆಯವರು. ಮಾಲೆ ಒಳಗೆ ಕೊಟ್ಟು ಬಂದು ಅವ್ವಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ನಿಮ್ಮವರು ನಮ್ಮ ಹೋಟೆಲಿಗೆ ಬರ್ತಾ ಇದ್ರು, ನಿಮಗೆ ಗೊತ್ತುಂಟಲ್ಲ?"

"ಏನ ತಿನ್ನಾಕ?" ಎಂದ ಅವ್ವಣ್ಣ.

"ತಿನ್ನಲಿಕ್ಕಲ್ಲ ಮಾರಾಯ್ರೇ, ಡಬ್ಬಕ್ಕೆ. ಖಾಲಿ ಡಬ್ಬ ಎಲ್ಲ ಹೊರಗೆ ತೆಗೆಸುವುದು. ಒಂದೊಂದನ್ನೇ ಬಿಸಿಲಿಗೆ ಹಿಡಿದು ಒಳಗೆ ಇಣುಕುವುದು. ಬೆಳಕು ಒಳಗೆ ಬಂತೋ, ಬೇಡ. ಬೆಳಕು ಬಿದ್ರೆ ನೀರು ಪಾಚಿ ಕಟ್ತದಂತೆ. ಮತ್ತೆ ಮೂಸಿ ನೋಡುವುದು. ಉಪ್ಪಿನಕಾಯಿದ್ದು ಬೇಡ, ಫಿನಾಯಿಲಿಂದು ಬೇಡವೇ ಬೇಡ. ಕಡೆಗೆ ಹಿಡಿಕೆ ಎಳೆದು ನೋಡುವುದು. ಹಿಡಿಕೆ ಇಲ್ಲದ್ದು ಎಷ್ಟು ಒಳ್ಳೇದಿದ್ರೂ ಮುಟ್ಟುದಿಲ್ಲ. ನಾನು ಹೇಳಿದೆ, ಅಮ್ಮಾ, ಮಗಳಿಗೆ ಗಂಡು ನೋಡುವಾಗಲೂ ಯಾರೂ ಇಷ್ಟು ನೋಡುದಿಲ್ಲ ಅಂತ. ಏನು ಹೇಳಿದ್ರು ಗೊತ್ತುಂಟಾ? ಗಂಡು ಸೋರಿದ್ರ ನಡೀತದ ಅಣ್ಣಾ, ಡಬ್ಬಿ ಸೋರಬಾರದು!"

ಈ ಸಲ ಎಲ್ಲರೂ ನಕ್ಕರು. ಅವ್ವಣ್ಣನ ಮೀಸೆಯೂ ಸ್ವಲ್ಪ ಅಲುಗಿತು.

ನಗು ಕೇಳಿ ಆರತಿ ಹೊರಗೆ ಬಂದಳು. ಇದೇ ಸಮಯ ಎಂದುಕೊಂಡು ಗಂಡನ ತೋಳು ಹಿಡಿದಳು. "ಗಿಡದ ನೀರು ಚೆಲ್ಲಬೇಕಂತಾರ ದೊಡ್ಡತ್ತಿ. ನೀವರೆ ಒಂದ ಮಾತು ಹೇಳ್ರಿ."

"ಇವತ್ತ ಅತ್ತಿ ಕೂಡ ವಾದ ಬ್ಯಾಡ ಆರತೀ. ನನ್ನ ಕೈಲಿ ಆಗೋದಿಲ್ಲ," ಎಂದ ಮಹೇಶಕುಮಾರ. ಅವನ ಕಣ್ಣು ಕೆಂಪಗಿದ್ದವು.

ಮಾತು ಧರ್ಮರಾಜನ ಕಿವಿಗೆ ಬಿತ್ತು. "ಗಿಡದ ನೀರು ಮನಿ ನೀರು ಹ್ಯಾಂಗಾಗ್ತದ ಸಾಬಕ್ಕಾ? ಹಂಗಂದ್ರ ಮ್ಯಾಲಿನ ಟಾಕಿ ನೀರೂ ಚೆಲ್ಲಬೇಕು. ಚೆಲ್ಲಿದ್ರ ಓಣಿ ಮಂದಿ ಕೂಡಿ ನಮ್ಮನ್ನ ಚೆಲ್ತಾರ."

"ಟಾಕಿ ಓಣಿದು. ಡಬ್ಬಿ ಈ ಮನಿದು," ಎಂದಳು ಬಾಗಿಲಲ್ಲಿ ನಿಂತ ಸಾಬವ್ವ. "ಆಕಿ ಕೈಲೇ ತುಂಬಿದ ನೀರು. ಜೀವ ಮೊದಲು ಅಲ್ಲೇ ಬಂದು ಕುಂದ್ರತದ. ನಗಬ್ಯಾಡ್ರಿ. ನಮ್ಮ ಯಜಮಾನ ಹೋದಾಗ ಬರಗಾಲ ಇತ್ತು, ನೀರು ಯಾಕ ಹಾಳ ಮಾಡೋದು ಅಂತ ಕಾಳಿನ ಹಗೇವಿನ ಬಾಯಿಗಿದ್ದ ಎರಡು ಗಡಿಗಿ ಹಂಗೇ ಬಿಟ್ಟೆ. ಮುಂದಿನ ಅಮಾಸಿಗೆ ನನ್ನ ಮಗ ಹೋದ. ಚೆಲ್ಲಿದ್ರ ಉಳೀತಿದ್ದನೋ ಇಲ್ಲೋ ನನಗೇನ ಗೊತ್ತು. ಈ ಮನ್ಯಾಗ ಒಬ್ಬ ಮಹೇಶ ಇದ್ದಾನ. ನಾ ಇನ್ನೊಮ್ಮೆ ಬಿಡೋದಿಲ್ಲ."

ಎಲ್ಲರೂ ಅವ್ವಣ್ಣನ ಕಡೆ ನೋಡಿದರು. ಆರತಿಯೂ ನೋಡಿದಳು.

"ಅಕ್ಕ ಹೇಳಿದಂಗ ಮಾಡ್ರಿ," ಎಂದ ಅವ್ವಣ್ಣ.

*

ಮೊಣಕಾಲು ಸೋತು ಗಾರೆ ಹೊರುವುದು ನಿಂತ ಮೇಲೆ ಶರಣಮ್ಮ ಕೋಥರೂಡಿನ ಮನೆಗಳಲ್ಲಿ ಕಸಮುಸುರೆಗೆ ಹೋದಳು. ಅದರಲ್ಲೊಂದು ಮನೆ ಪ್ರಾಚಿಯದು. ಪ್ರಾಚಿಯ ಗ್ಯಾಲರಿಯಲ್ಲಿ ಬಿಳಿಯ ಕೊಳವೆಗಳು ಗೋಡೆಗೆ ಅಡ್ಡಡ್ಡ ಕೂತಿದ್ದವು. ಕೊಳವೆಯ ತೂತು ತೂತಿನಲ್ಲಿ ಸೊಪ್ಪು.

"ಮಣ್ಣೆಲ್ಲಿ?" ಎಂದು ಶರಣಮ್ಮ ತನ್ನ ಅರೆಬರೆ ಮರಾಠಿಯಲ್ಲಿ ಕೇಳಿದಳು.

"ಮಾತಿ ನಕೋ, ಮಾವಶಿ." ಮಣ್ಣು ಬೇಡ ಚಿಕ್ಕಮ್ಮಾ ಎಂದು ಪ್ರಾಚಿ ನಕ್ಕು, ನೀರಿಗೆ ಬೆರೆಸುವ ಗೊಬ್ಬರದ ಸೀಸೆ ತೋರಿಸಿದಳು.

ಶರಣಮ್ಮನ ಲಕ್ಷ್ಯ ಗೊಬ್ಬರದ ಮೇಲಿರಲಿಲ್ಲ. ಅವಳು ಕೊಳವೆಗಳನ್ನು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು. ಮನೆ ಬಿಡಬೇಕಾಗಿ ಬಂದರೆ ಇದನ್ನು ಎತ್ತಿಕೊಂಡು ಹೋಗಲು ಬರುತ್ತದೆಯೇ?

ಕೊಳವೆ ಬರುವುದಿಲ್ಲ, ಆದರೆ ಬಕೆಟ್ಟಿನಲ್ಲಿ ಬೆಳೆಸಿದರೆ ಬರುತ್ತದೆ ಎಂದಳು ಪ್ರಾಚಿ.

ಅಂದಿನಿಂದ ಸುರುವಾಯಿತು. ಮೊದಲು ನೀರಿನ ಬಾಟಲಿಯಲ್ಲಿ ಪುದೀನಾ ಇಟ್ಟಳು. ಬೇರು ಇಳಿಯುವುದು ಕಣ್ಣಿಗೆ ಕಾಣಲಿ ಎಂಬ ಆಸೆ. ಬೇರೂ ಕಂಡಿತು, ಪಾಚಿಯೂ ಕಂಡಿತು. ಕೊನೆಗೆ ಪಾಚಿ ಮಾತ್ರ ಉಳಿಯಿತು. ಉಪ್ಪಿನಕಾಯಿಯ ಬಕೆಟ್ಟಿನಲ್ಲಿ ಪಾಲಕ ಹಾಕಿದಳು. ಮೂರು ಸಲ ತಿಕ್ಕಿದ್ದರೂ ಉಪ್ಪು ಬಿಡಲಿಲ್ಲ, ಸಸಿ ಬಾಡಿ ಬಿತ್ತು. ಥರ್ಮಾಕೋಲಿನ ಪೆಟ್ಟಿಗೆಯನ್ನು ಇಲಿ ಕಡಿಯಿತು. ಮೆಂತ್ಯಕ್ಕೆ ಪ್ರೀತಿಯಿಂದ ಕಂಠಮಟ್ಟ ನೀರು ತುಂಬಿ ಬೇರು ಕೊಳೆಸಿದಳು. ಮುಚ್ಚಳಕ್ಕೂ ನೀರಿಗೂ ನಡುವೆ ಗೇಣು ಜಾಗ ಬಿಡು, ಬೇರಿಗೂ ಉಸಿರು ಬೇಕು ಎಂದು ಪ್ರಾಚಿ ತಿದ್ದಿದಳು. ಸತ್ತದ್ದನ್ನು ಎಸೆದು ಶರಣಮ್ಮ ಇನ್ನೊಂದು ಡಬ್ಬಿ ಹುಡುಕುತ್ತಿದ್ದಳು. ತಾಳ್ಮೆ ಎಂದು ಅದಕ್ಕೆ ಹೆಸರಿಡುವ ಅಗತ್ಯ ಅವಳಿಗೆ ಕಾಣಲಿಲ್ಲ. ಸಸಿ ಸಾಯುವುದಕ್ಕೆ ಡಬ್ಬಿ ಕಾರಣ, ಡಬ್ಬಿ ಬದಲಿಸಿದರಾಯಿತು.

ಸೊಪ್ಪೇನೋ ಒಲಿಯಿತು. ಬದನೆ ಒಲಿಯಲಿಲ್ಲ. ಎಣ್ಣೆಯ ಡಬ್ಬಿಯಲ್ಲಿ ಹಾಕಿದ ಬದನೆ ಎತ್ತರವಾಗುತ್ತಲೇ ತಲೆಭಾರಕ್ಕೆ ಉರುಳಿ, ಏಣಿಯ ಮೆಟ್ಟಿಲು ಒಂದೊಂದೇ ಇಳಿದು, ಕೆಳಗೆ ಬೀಡಿ ಸೇದುತ್ತಿದ್ದ ಅವ್ವಣ್ಣನ ಬೆನ್ನಿಗೆ ಬಿತ್ತು. ಅದಕ್ಕೆ ಆಳವಾದ, ತಳ ಅಗಲವಾದ, ಗಟ್ಟಿ ಬಕೆಟ್ಟು ಬೇಕಿತ್ತು. ಅಂಥದ್ದು ಮನೆಯಲ್ಲಿ ಒಂದಿತ್ತು. ಅವ್ವಣ್ಣನದು. ಗಾರೆ ಸವರುವ ಕರಣಿ, ತೂಕದ ಗುಂಡು, ನೂಲಿನ ಉಂಡೆ ಇಟ್ಟುಕೊಂಡು ಅವನು ಊರೆಲ್ಲ ತಿರುಗಿದ ಬಕೆಟ್ಟು. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟ ಮೇಲೆ ಅದು ಮೊಳೆಗೆ ನೇತಾಡುತ್ತಿತ್ತು.

ಒಂದು ಮಧ್ಯಾಹ್ನ ಅವನು ಬಂದು ನೋಡಿದಾಗ ಕರಣಿಯೂ ಗುಂಡೂ ನೆಲದ ಮೇಲಿದ್ದವು. ಶರಣಮ್ಮ ಬಕೆಟ್ಟಿನ ಒಳಗಿನ ಸಿಮೆಂಟಿನ ಹಕ್ಕಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು.

"ಹೇಳಿ ತಗೋಬೇಕಿತ್ತು," ಎಂದ.

"ಹೇಳಿದ್ರ ಕೊಡ್ತಿದ್ರೇನು?"

"ಇಲ್ಲ."

"ಅದಕ್ಕ ಹೇಳ್ಲಿಲ್ಲ."

ಅವನು ಕರಣಿ ಎತ್ತಿಕೊಂಡು, ಎಲ್ಲಿಡಬೇಕೋ ತಿಳಿಯದೆ, ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತ. ಆಮೇಲೆ ಆಣೆ ಇಟ್ಟ. "ಮಣ್ಣು ಕಾಣದ್ದು ನನ್ನ ಬಾಯಿ ಕಾಣೋದಿಲ್ಲ."

ಆ ಮಾತು ನಡೆಸಿದ. ಊಟಕ್ಕೆ ಕೂತಾಗಲೆಲ್ಲ ಪಲ್ಯವನ್ನು ಬೆರಳಿನಿಂದ ಕೆದಕಿ ಕೇಳುತ್ತಿದ್ದ, "ಇದು ಬಜಾರದ್ದೇನು?"

"ಹೌದ್ರಿ, ಬಜಾರದ್ದು," ಎನ್ನುತ್ತಿದ್ದಳು ಶರಣಮ್ಮ. ಅವನ ಪಾಲಿಗೆಂದು ಅವಳು ನಿಜವಾಗಿಯೂ ಬಜಾರದಿಂದ ಒಂದು ಸಿವುಡು ಬೇರೆ ತರುತ್ತಿದ್ದಳು. ಮಾವನ ಕಣ್ಣು ತಪ್ಪಿಸಿ ಆರತಿ ನಗುತ್ತಿದ್ದಳು. ಮೋಸ ಮಾಡಬಹುದಿತ್ತು, ಶರಣಮ್ಮ ಮಾಡುತ್ತಿರಲಿಲ್ಲ. ಬದನೆ ಬರಲಿ, ಒಂದೇ ಸಲ ಮಾಡೋಣ ಎನ್ನುತ್ತಿದ್ದಳು.

*

ಗಾಡಿ ಓಣಿ ದಾಟಿದ ಮೇಲೆ ಸಾಬವ್ವ ಮೊದಲ ಕೊಡ ಎತ್ತಿ ಚರಂಡಿಗೆ ಸುರಿದಳು.

ಕೊಡಗಳಾದವು, ಬಿಂದಿಗೆಗಳಾದವು, ಬಚ್ಚಲಿನ ಬ್ಯಾರಲ್ಲನ್ನು ಇಬ್ಬರು ಹೆಂಗಸರು ವಾಲಿಸಿದರು. ಖಾಲಿಯಾದದ್ದೆಲ್ಲವನ್ನೂ ಸಾಬವ್ವ ಕವುಚಿ ಇಟ್ಟಳು. ನಳದ ಹೊಸ ನೀರಿನಲ್ಲಿ ತೊಳೆಯುವ ತನಕ ಅವನ್ನು ಎತ್ತುವ ಹಾಗಿಲ್ಲ. ಆರತಿ ಬೂದು ಬಕೆಟ್ಟನ್ನು ಹಿಡಿಕೆ ಹಿಡಿದು ಎತ್ತಿಕೊಂಡು ಪಕ್ಕದ ಮನೆಯ ಮರಾಠಿ ಮಾವಶಿಯ ಬಾಗಿಲಿಗೆ ಓಡಿದಳು. ಒಂದು ದಿನ ಇಟ್ಟುಕೋ ಎಂದು ಬೇಡಿದಳು.

ಮಾವಶಿ ಒಳ್ಳೆಯವಳು. ಬೆಳಗಿನಿಂದ ಬಂದವರಿಗೆಲ್ಲ ಚಹಾ ಕಾಯಿಸಿ ಕೊಟ್ಟವಳು. ಆದರೂ ಬಕೆಟ್ಟನ್ನು ನೋಡಿ ಹೊಸಿಲ ಒಳಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಆಜ್ ನಕೋ ಗ, ಪೋರಿ. ಉದ್ಯಾ ಆಣ." ಇವತ್ತು ಬೇಡ, ನಾಳೆ ತಾ. ಸಾವಿನ ಮನೆಯ ನೀರನ್ನು ಅವಳಾದರೂ ಹೇಗೆ ಒಳಗೆ ಕರೆದಾಳು?

ಆರತಿ ತಿರುಗಿ ಬಂದಳು. ಸೊಪ್ಪಿನ ಡಬ್ಬಿಗಳ ಮುಚ್ಚಳಗಳನ್ನು ಗಿಡದೊಡನೆ ತಾನೇ ಎತ್ತಿ ಎತ್ತಿ ಗೋಡೆಯ ನೆರಳಿಗೆ ಮಲಗಿಸಿದಳು. ಸಾಬವ್ವ ನೀರು ಚೆಲ್ಲುತ್ತ ಬಂದಳು. ಕೊನೆಗೆ ಬದನೆಯ ಮುಚ್ಚಳ ಎತ್ತಿದಾಗ ಬೇರು ಬಕೆಟ್ಟಿನ ಆಳದಿಂದ ಒಂದೇ ಸಮನೆ ಮೇಲೆ ಬಂತು. ಬೆಳ್ಳಗೆ, ಮೊಳದುದ್ದ, ನೀರು ಸುರಿಸುತ್ತ.

ಸಾಬವ್ವ ಹೊಲದಲ್ಲೇ ಬಾಳು ಸವೆಸಿದ ಹೆಣ್ಣುಮಗಳು. ಬೇರನ್ನು ಅವಳು ಹರಿದು ಬಂದಷ್ಟೇ ಕಂಡವಳು. ಪೂರ್ತಿ ಬೇರು ಹೇಗಿರುತ್ತದೆಂದು ಕಂಡಿರಲಿಲ್ಲ.

"ಯವ್ವಾ, ಇಷ್ಟುದ್ದ!" ಎಂದಳು. ಒಂದು ಗಳಿಗೆ ಬಕೆಟ್ಟಿನ ಅಂಚು ಹಿಡಿದು ಹಾಗೆಯೇ ನಿಂತಳು. ಆಮೇಲೆ ಬಗ್ಗಿಸಿದಳು.

ಹೆಂಗಸರ ಸ್ನಾನಕ್ಕೆ, ಗುಂಡಿಗೆ ಹೋದ ಗಂಡಸರ ಸ್ನಾನಕ್ಕೆ ಓಣಿಯ ಮನೆಗಳವರು ಒಂದೊಂದು ಬಕೆಟ್ಟು ನೀರು ತಂದು ಹೊರಗೆ ಇಟ್ಟಿದ್ದರು. ಲೆಕ್ಕಕ್ಕೆ ಸರಿಯಾಗಿ ಇದ್ದ ನೀರು; ಅದರಲ್ಲಿ ಕೈ ಹಾಕುವ ಹಾಗಿರಲಿಲ್ಲ. ಆರತಿ ತನ್ನ ಸ್ನಾನದ ಕೊನೆಯ ಎರಡು ತಂಬಿಗೆ ಉಳಿಸಿ, ಹಳೆಯ ಟವೆಲು ತೋಯಿಸಿ ಬೇರುಗಳಿಗೆ ಹೊದಿಸಿದಳು. ಒಳಗೆ ನೆಲ ಗುಡಿಸಿ, ಅತ್ತೆ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿ, ಹೊರಗೆ ಬಂದು ನೋಡುವಾಗ ಟವೆಲು ಒಣಗಿ ಬಿರುಸಾಗಿತ್ತು.

*

ಅತ್ತ ಗುಂಡಿಯ ಬಳಿ ಅವ್ವಣ್ಣ ಒಂದೇ ಒಂದು ಸಲ ಮಾತಾಡಿದ. ಅಗೆಯುವವನಿಗೆ ಕೈ ಮಾಡಿ ತೋರಿಸಿ, "ಆ ಬದಿ ಸೊಟ್ಟ ಅದ. ಸ್ವಲ್ಪ ಕೆರಿ," ಎಂದ. ಅಗೆಯುವವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ತಿಳಿಯಿತು. ಕೆರೆದು ನೇರ ಮಾಡಿದ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅವ್ವಣ್ಣ ತನ್ನ ಹಿಡಿಯೊಳಗಿನ ಮಣ್ಣನ್ನು ಬೆರಳಿನಿಂದ ಪುಡಿ ಮಾಡಿ, ಸಿಕ್ಕ ಹರಳನ್ನು ಆರಿಸಿ ಎಸೆದು, ಉಳಿದದ್ದನ್ನು ನಿಧಾನಕ್ಕೆ ಬಿಟ್ಟ.

ತಿರುಗಿ ಬರುವಾಗ ಬಿಸಿಲು ನೆತ್ತಿಯಿಂದ ಇಳಿದು ಕಟ್ಟೆಯ ಮೇಲೆ ಬಿದ್ದಿತ್ತು. ಗೋಡೆಯ ನೆರಳು ಎಲ್ಲೂ ಇರಲಿಲ್ಲ. ಮಹೇಶಕುಮಾರ ಸೀರೆಯ ಮರೆಯಲ್ಲಿ ತಲೆಗೆ ನೀರು ಸುರಿದುಕೊಂಡು ಒದ್ದೆಯಲ್ಲೇ ಒಳಗೆ ಹೋಗಿ ದೀಪಕ್ಕೆ ಕೈ ಮುಗಿದ. ಉಳಿದವರದೂ ಆಯಿತು. ಕೊನೆಯದಾಗಿ ಅವ್ವಣ್ಣನಿಗೆ ಎಂದು ಕೆಂಪು ಬಕೆಟ್ಟು ಉಳಿದಿತ್ತು, ಮಾವಶಿಯ ಮನೆಯದು, ಅಂಚಿನ ತನಕ ತುಂಬಿದ್ದು.

"ಬರ್ರಿ ಮಾವ," ಎಂದು ಆರತಿ ತಂಬಿಗೆ ಮುಂದಿಟ್ಟಳು.

ಅವ್ವಣ್ಣ ತಂಬಿಗೆ ತೆಗೆದುಕೊಳ್ಳಲಿಲ್ಲ. ಸಾಲಾಗಿ ಕವುಚಿದ್ದ ಡಬ್ಬಿಗಳನ್ನು ನೋಡುತ್ತ ನಡೆದು ತನ್ನ ಬೂದು ಬಕೆಟ್ಟಿನ ತಳದ ಎದುರು ನಿಂತ. ಪಕ್ಕದಲ್ಲಿ ಮುಚ್ಚಳದೊಡನೆ ಬದನೆ ಮಗ್ಗುಲಾಗಿ ಬಿದ್ದಿತ್ತು. ಎಲೆಗಳು ಒದ್ದೆ ಬಟ್ಟೆಯಂತೆ ಜೋತಿದ್ದವು. ಅವನು ಬಗ್ಗಿ ಟವೆಲು ಸರಿಸಿದ. ಪೊರೆಯ ಕಣ್ಣಿಗೆ ಸರಿಯಾಗಿ ಕಾಣಲಿಲ್ಲವೇನೋ, ಬೇರನ್ನು ಬೆರಳಿನಲ್ಲಿ ಎತ್ತಿ, ತೂಕ ನೋಡುವಂತೆ ಸ್ವಲ್ಪ ಹೊತ್ತು ಹಿಡಿದ.

ಆಮೇಲೆ ಗಿಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ತನ್ನ ಸ್ನಾನದ ಬಕೆಟ್ಟಿನಲ್ಲಿ ಬೇರು ಇಳಿಬಿಟ್ಟ.

"ಏ ಅವ್ವಣ್ಣ!" ಸಾಬವ್ವ ಒಳಗಿನಿಂದ ಕೂಗಿದಳು. "ಏನ ಮಾಡ್ಲಿಕತ್ತಿ? ನೀ ಜಳಕ ಮಾಡೋ ನೀರದು!"

"ಹೌದು."

"ಮಣ್ಣಿಗೆ ಹೋಗಿ ಬಂದ ಮೈ. ಜಳಕ ಇಲ್ಲದ ಒಳಗ ಬರಾಕ ಬರೋದಿಲ್ಲ."

"ನಳ ಬರ್ಲಿ."

"ನಳ ಬರೋದು ಸಂಜಿಗೆ!"

"ಸಂಜಿಗೆ ಬರ್ತೀನಿ." ಅವನು ಕಟ್ಟೆಯ ಮೇಲೆ ಕೂತ. "ನೀ ಹೇಳಿದಂಗ ಮನಿ ನೀರೆಲ್ಲ ಚೆಲ್ಲಿದಿ. ಇದು ಮಂದಿ ಮನಿ ನೀರು, ಹೊಸಾದು. ನಿನ್ನ ಶಾಸ್ತ್ರಕ್ಕೇನೂ ಆಗಿಲ್ಲ ಅಕ್ಕಾ. ಕವುಚಿದ್ದೂ ಒಂದೂ ಎತ್ತಿಲ್ಲ ನಾ."

ಕೆಂಪು ಬಕೆಟ್ಟಿನ ಬಾಯಿ ದೊಡ್ಡದು. ಮುಚ್ಚಳ ಅಂಚಿಗೆ ಕೂರಲಿಲ್ಲ, ಒಳಗೆ ಜಾರಿತು, ಗಿಡ ವಾಲಿತು. ಅವ್ವಣ್ಣ ಬುಡದ ಹತ್ತಿರ ಕಾಂಡವನ್ನು ಎರಡು ಬೆರಳಿನ ನಡುವೆ ಹಿಡಿದು ನೆಟ್ಟಗೆ ಮಾಡಿದ. ಬಿಟ್ಟರೆ ಮತ್ತೆ ವಾಲಿತು. ಮತ್ತೆ ಹಿಡಿದ. ಹಿಡಿದೇ ಕೂತ.

"ಊಟ?" ಎಂದ ಮಹೇಶಕುಮಾರ ಬಾಗಿಲಿನಿಂದ.

"ನೀವ ಉಣ್ರಿ."

ಆರತಿ ಮೆಂತ್ಯ ಕೊತ್ತಂಬರಿಯ ಗ್ಲಾಸುಗಳನ್ನು ತಂದು ತಂದು ಬಕೆಟ್ಟಿನ ಸುತ್ತಂಚಿಗೆ ತೇಲಿಬಿಟ್ಟಳು. ಬಗ್ಗಿದಾಗ ಮಾವ ಮೆಲ್ಲಗೆ ಹೇಳಿದ್ದು ಅವಳಿಗೆ ಮಾತ್ರ ಕೇಳಿಸಿತು.

"ಹೂವಾ ಒಂದು ಉದುರೇದ. ಇನ್ನೊಂದದ, ನೋಡವ್ವ. ಕಾಯಿ ಹಿಡೀಬಹುದು."

ಅವಳು ಬೇಗ ಎದ್ದು ಒಳಗೆ ಹೋದಳು.

ಓಣಿಯ ಮಂದಿ ಒಬ್ಬೊಬ್ಬರೇ ಚದುರಿದರು. ಬಿಸಿಲು ಅವ್ವಣ್ಣನ ಹೆಗಲ ಮೇಲೆ, ಗುಂಡಿಯ ಕೆಂಪು ಧೂಳು ಹತ್ತಿದ ಧೋತರದ ಮೇಲೆ, ನೆಟ್ಟಗೆ ಹಿಡಿದ ಗಿಡದ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಎಲೆಗಳು ಇನ್ನೂ ಏಳಲಿಲ್ಲ.

ಸಾಬವ್ವ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋದಳು, ಮತ್ತೆ ಬಂದು ನಿಂತಳು. ಅವಳದು ಸ್ನಾನವಾಗಿತ್ತು, ತಲೆಗೂದಲು ಇನ್ನೂ ಒದ್ದೆಯಿತ್ತು. ತಮ್ಮನನ್ನು ಮುಟ್ಟಿದರೆ ಅವಳೂ ಸಂಜೆಯ ತನಕ ಹೊರಗೇ.

"ಮೊಂಡ," ಎಂದಳು. "ಹುಟ್ಟಿದಾಗಿಂದ ಮೊಂಡ. ಆ ಕಡೆ ಸರಿ."

ಹೊಸಿಲು ದಾಟಿ ಬಂದು, ಅವನ ಮೊಣಕೈಗೆ ಮೊಣಕೈ ತಾಗುವಂತೆ ಕಟ್ಟೆಯ ಮೇಲೆ ಕೂತಳು. ಹೂವನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗನ್ನು ತೆಗೆದು, ಎರಡೂ ಕೈಯಿಂದ ಅಗಲ ಮಾಡಿ, ಬದನೆಯ ಮೇಲೆ ನೆರಳು ಹಿಡಿದಳು. ಓಣಿ ಕಾಣುವಂತೆ ಅವಳ ಬಿಳಿಯ ತಲೆ ಬಿಸಿಲಿನಲ್ಲಿತ್ತು.